ಬಡಿದರಷ್ಟೇ ನಿಲ್ಲುವ ಬಾಗಿಲು

ಅಂಬಾಸಿಡರ್ ಕಾರಿನಲ್ಲಿ ಓಡಾಡಿದವರಿಗೆ ಒಂದು ಮಾತು ನೆನಪಿದ್ದೇ ಇರುತ್ತದೆ. ಹತ್ತಿ ಕುಳಿತು ಬಾಗಿಲು ಎಳೆದುಕೊಂಡ ಕೂಡಲೇ ಚಾಲಕ ಹಿಂದಿರುಗಿ ನೋಡಿ, ‘ಬಾಗ್ಲಾ ಬಿದ್ದಿಲ್ರೀ, ಇನ್ನೊಮ್ಮೆ ಜೋರ್ ಹಾಕ್ರಿ’ ಎನ್ನುತ್ತಿದ್ದ. ಇನ್ನೊಮ್ಮೆ ಧಡ್ ಎಂದು ಬಡಿದ ಮೇಲೆಯೇ ಪ್ರಯಾಣ ಶುರು. ಸರ್ಕಾರಿ ಕಾರಾಗಲಿ, ಮದುವೆ ದಿಬ್ಬಣಕ್ಕೆ ಬಾಡಿಗೆ ಹಿಡಿದ ಕಾರಾಗಲಿ, ಈ ಶಾಸ್ತ್ರ ತಪ್ಪುತ್ತಿರಲಿಲ್ಲ. ಎಲ್ಲರೂ ಅದನ್ನು ಹಳೆಯ ಕಾರಿನ ಸ್ವಭಾವವೆಂದೇ ಒಪ್ಪಿಕೊಂಡಿದ್ದರು.

ಸ್ವಭಾವವಲ್ಲ, ಅದು ಕಾಯಿಲೆಯ ಲಕ್ಷಣ. ಬಾಗಿಲಿನ ಚಿಲಕವೋ, ಬಿಜಾಗರಿಯೋ, ಎರಡೂ ಸೇರಿಯೋ ಸವೆದಿವೆ ಎಂಬುದರ ಸೂಚನೆ. ಬಡಿದಷ್ಟೂ ಸವೆತ ಹೆಚ್ಚುತ್ತದೆ, ಸವೆದಷ್ಟೂ ಇನ್ನೂ ಜೋರಾಗಿ ಬಡಿಯಬೇಕಾಗುತ್ತದೆ. ಹೀಗೆ ಬೆಳೆದ ಕಾಯಿಲೆ ಒಂದು ದಿನ ರಸ್ತೆಯ ತಿರುವಿನಲ್ಲಿ ಬಾಗಿಲನ್ನು ತಾನಾಗಿ ತೆರೆಸುತ್ತದೆ. ಆ ಕಾಲದ ಕಾರುಗಳಲ್ಲಿ ಸೀಟ್ ಬೆಲ್ಟ್ ಇರಲಿಲ್ಲ. ಒಳಗಿದ್ದವರು ಹೊರಗೆ ಬೀಳದಂತೆ ತಡೆಯುತ್ತಿದ್ದದ್ದು ಹೆಬ್ಬೆರಳಿನಷ್ಟು ದಪ್ಪದ ಒಂದು ಲೋಹದ ತುಂಡು ಮಾತ್ರ.

ಈ ಪುಟ್ಟ ತುಂಡಿನ ಬಗ್ಗೆ ಈಗ ಬರೆಯಲು ಕಾರಣವಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ‘ವಿಂಟೇಜ್’ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ವ್ಯವಸ್ಥೆ ಮಾಡಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ಇದಕ್ಕೆ ಅರ್ಹ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ಆಮೇಲೆ ಮರುನೋಂದಣಿಗೆ 5,000 ರೂಪಾಯಿ ಎಂದು ನಿಗದಿಯಾಯಿತು. ಸಂಖ್ಯಾಫಲಕದಲ್ಲಿ ರಾಜ್ಯದ ಸಂಕೇತದ ನಂತರ ‘ವಿಎ’ ಎಂಬ ಅಕ್ಷರಗಳು ಬರುತ್ತವೆ. ಇಂಥ ವಾಹನವನ್ನು ಬಾಡಿಗೆಗೆ ಬಿಡುವಂತಿಲ್ಲ, ದಿನನಿತ್ಯದ ಓಡಾಟಕ್ಕೂ ಬಳಸುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಷರತ್ತೆಂದರೆ, ವಾಹನ ಮೂಲರೂಪದಲ್ಲಿ ಉಳಿದಿರಬೇಕು. ಷಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು.

ಅಂಬಾಸಿಡರ್ ತಯಾರಿಕೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಲ್ಲಿ ಆರಂಭವಾಗಿ 2014ರಲ್ಲಿ ನಿಂತಿತು. 1975ರಲ್ಲಿ ಮಾರ್ಕ್-3 ಬರುವ ತನಕ ತಯಾರಾದ ಮಾರ್ಕ್-1, ಮಾರ್ಕ್-2 ಕಾರುಗಳಿಗೆಲ್ಲ ಐವತ್ತು ತುಂಬಿದೆ. ಅಂದರೆ ಮಹಾರಾಜರ ರೋಲ್ಸ್ ರಾಯ್ಸ್ ಮಾತ್ರವಲ್ಲ, ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಕೋಳಿಗಳಿಗೆ ಆಶ್ರಯ ಕೊಟ್ಟು ನಿಂತಿರುವ ಅಜ್ಜನ ಕಾರು ಕೂಡ ಕಾನೂನಿನ ಕಣ್ಣಿನಲ್ಲಿ ವಿಂಟೇಜ್ ಆಗಬಲ್ಲದು. ಅದನ್ನು ಮತ್ತೆ ರಸ್ತೆಗೆ ತರಲು ಹೊರಟವರು ಎಂಜಿನ್ನು, ಬಣ್ಣ, ಸೀಟುಗಳಿಗೆ ಕೈತುಂಬ ಖರ್ಚು ಮಾಡುತ್ತಾರೆ. ಬಾಗಿಲಿನ ಚಿಲಕಕ್ಕೆ ಮಾತ್ರ ಒಂದು ಹನಿ ಎಣ್ಣೆ ಬಿಟ್ಟು ಕೈತೊಳೆದುಕೊಳ್ಳುತ್ತಾರೆ. ಇಲ್ಲವೇ ಅದನ್ನು ಕಿತ್ತು, ಬಾಗಿಲಿನ ತಗಡು ಕತ್ತರಿಸಿ, ಯಾವುದೋ ಹೊಸ ಕಾರಿನ ಚಿಲಕ ಕೂರಿಸುತ್ತಾರೆ. ಒಂದು ಚಿಲಕ ಬದಲಾದ ಮಾತ್ರಕ್ಕೆ ನೋಂದಣಿ ತಪ್ಪುತ್ತದೆ ಎಂದಲ್ಲ. ಆದರೆ ಕತ್ತರಿಸಿದ ತಗಡು ಮತ್ತೆ ಮೊದಲಿನಂತಾಗುವುದಿಲ್ಲ.

ಸುಣ್ಣಕಲ್ಲಿನ ಸೀಮೆಯಲ್ಲಿ

ಸೇಡಂ ತಾಲ್ಲೂಕಿನ ಮುಧೋಳದಿಂದ (ನಾಯಿ ತಳಿಗೆ ಹೆಸರಾದ ಬಾಗಲಕೋಟೆ ಜಿಲ್ಲೆಯ ಮುಧೋಳವಲ್ಲ, ಇದು ತೆಲಂಗಾಣದ ಗಡಿಗೆ ಹತ್ತಿರದ ಮುಧೋಳ) ಸೇಡಂ, ಮಳಖೇಡ, ಚಿತ್ತಾಪುರ, ವಾಡಿ, ಶಹಾಬಾದಿನ ಕಡೆ ಹೊರಟರೆ ಕಾಣುವುದು ಸುಣ್ಣಕಲ್ಲಿನ ಸೀಮೆ. ನಾಡಿನ ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದಿ ಫರ್ಸಿ ಇಲ್ಲಿಯದು. ಶಹಾಬಾದ್, ವಾಡಿ, ಮಳಖೇಡ, ಸೇಡಂಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಈ ಕಲ್ಲಿನ ಆಸೆಯಿಂದಲೇ. ನಡುನಡುವೆ ತೊಗರಿ ಬೆಳೆಯುವ ಎರೆಭೂಮಿ. ಮಳೆಗಾಲದಲ್ಲಿ ಕೆಸರು, ಉಳಿದ ಕಾಲದಲ್ಲಿ ದೂಳು ಎಂಬುದು ಇಲ್ಲಿನ ರಸ್ತೆಗಳ ವಾರ್ಷಿಕ ಪಂಚಾಂಗ.

ಈ ದೂಳಿಗೂ ಕಾರಿನ ಚಿಲಕಕ್ಕೂ ನೇರ ಸಂಬಂಧವಿದೆ. ಸುಣ್ಣಕಲ್ಲಿನ ಪುಡಿ ಉಕ್ಕಿಗಿಂತ ಮೃದು. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಅದರ ಸ್ಥಾನ ಕೇವಲ 3. ಹಾಗಾಗಿ ಅದೊಂದೇ ಉಕ್ಕನ್ನು ತಿನ್ನಲಾರದು. ಆದರೆ ರಸ್ತೆಯ ದೂಳಿನಲ್ಲಿ ಸಣ್ಣ ಮರಳಿನ ಕಣಗಳೂ ಇರುತ್ತವೆ. ಮರಳಿನ ಗಡಸುತನ 7. ಸಾಧಾರಣ ಉಕ್ಕನ್ನು ಗೀರಲು ಅಷ್ಟು ಸಾಕು. ಚಿಲಕದೊಳಗೆ ಗ್ರೀಸು ಮೆತ್ತಿದ್ದರೆ ಈ ಕಣಗಳು ಅದಕ್ಕೆ ಅಂಟಿಕೊಂಡು ಮರಳು ಕಾಗದದಂತೆ ಉಜ್ಜತೊಡಗುತ್ತವೆ. ಸುಣ್ಣ, ಸಿಮೆಂಟಿನ ಪುಡಿ ತೇವಕ್ಕೆ ಸಿಕ್ಕಿ ಗಟ್ಟಿಯಾಗಿ ಸ್ಪ್ರಿಂಗಿನ ಸುರುಳಿಗಳ ನಡುವೆ ಕುಳಿತರೆ ಸ್ಪ್ರಿಂಗು ಪೂರ್ತಿ ಚಾಚಿಕೊಳ್ಳುವುದಿಲ್ಲ. ಒಂದು ಕಡೆ ಸವೆತ, ಇನ್ನೊಂದು ಕಡೆ ಸಿಕ್ಕು. ‘ಗ್ರೀಸ್ ತುಂಬಿದ್ದೇವೆ, ಇನ್ನು ಹತ್ತು ವರ್ಷ ಚಿಂತೆಯಿಲ್ಲ’ ಎನ್ನುವವರು ರೋಗಕ್ಕೆ ತುಪ್ಪ ಉಣಿಸುತ್ತಿದ್ದಾರೆ ಎನ್ನಬೇಕು.

ಈ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. 1956ರ ನವೆಂಬರ್ 1ರಂದು ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. ಮುಂಬಯಿ ಕಡೆಯಿಂದ ಹೈದರಾಬಾದಿಗೆ ಹೋಗುವ ರೈಲುದಾರಿ ವಾಡಿ ಜಂಕ್ಷನ್ನಿನಲ್ಲಿ ಕವಲೊಡೆದು ಚಿತ್ತಾಪುರ, ಸೇಡಂ ಮೂಲಕ ಸಾಗುತ್ತದೆ. ಆ ದಾರಿ ತೆರೆದದ್ದು 1874ರಲ್ಲಿ. ಅದರ ಇನ್ನೊಂದು ತುದಿಯಲ್ಲಿ, ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ, 1912ರ ಒಂದು ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಇದೆ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರಿಗಾಗಿ ಲಂಡನ್ನಿನ ಬಾರ್ಕರ್ ಕಂಪನಿ ಬಾಡಿ ಕಟ್ಟಿದ ಹಳದಿ ಬಣ್ಣದ ಈ ಕಾರಿನ ಹಿಂಭಾಗದಲ್ಲಿ ಸಿಂಹಾಸನದಂಥ ಆಸನವಿದೆ. ಕಾರು ಕೈಸೇರುವ ಮೊದಲೇ, 1911ರಲ್ಲಿ ಅವರು ತೀರಿಕೊಂಡಿದ್ದರು. ಓಡಿದ್ದು ಬಹಳ ಕಡಿಮೆ. ಹೀಗೆ ಓಡದೆ ನಿಂತ ಕಾರಿನ ಚಿಲಕ ಸವೆಯುವುದಿಲ್ಲ ನಿಜ. ಅದರ ಶತ್ರು ತುಕ್ಕು ಮತ್ತು ಮೇಣದಂತೆ ಗಟ್ಟಿಯಾದ ಹಳೆಯ ಎಣ್ಣೆ. ಓಡಿ ಸವೆದ ಕಾರಿಗೂ ನಿಂತು ಸಿಕ್ಕಿಕೊಂಡ ಕಾರಿಗೂ ಔಷಧ ಬೇರೆ ಬೇರೆ ಎಂಬುದನ್ನು ಹೇಳಲು ಈ ಉದಾಹರಣೆ.

ಕುದುರೆ ಗಾಡಿಯಿಂದ ಬಂದ ಚಿಲಕ

ಮೋಟಾರು ಕಾರು ಹುಟ್ಟಿದಾಗ ಅದಕ್ಕೆ ಬಾಗಿಲೇ ಇರಲಿಲ್ಲ. 1910ರ ಸುಮಾರಿನವರೆಗೂ ಅನೇಕ ಕಾರುಗಳ ಮುಂದಿನ ಸೀಟಿಗೆ ಬಾಗಿಲಿಲ್ಲದೆ ಚಾಲಕ ಗಾಳಿಗೊಡ್ಡಿಕೊಂಡೇ ಕೂರುತ್ತಿದ್ದ. ಹಿಂದಿನ ಸೀಟಿನ ಯಜಮಾನರಿಗೆ ಬಾಗಿಲು ಕೊಟ್ಟವರು ಕುದುರೆ ಸಾರೋಟುಗಳನ್ನು ಕಟ್ಟುತ್ತಿದ್ದ ಕುಶಲಕರ್ಮಿಗಳೇ. ಸಾರೋಟಿನ ಬಾಗಿಲಿನ ಚಿಲಕವನ್ನೇ ಅವರು ಕಾರಿಗೂ ಹಾಕಿದರು.

ಅದರ ರಚನೆ ಸರಳ. ಒಂದು ತೆಳು ಉಕ್ಕಿನ ಡಬ್ಬಿ. ಒಳಗೆ ಹಿಂದೆ ಮುಂದೆ ಜಾರುವ ಒಂದು ನಾಲಿಗೆ, ಅದನ್ನು ಹೊರಕ್ಕೆ ತಳ್ಳುವ ಸ್ಪ್ರಿಂಗು. ನಾಲಿಗೆಯ ಒಂದು ಮುಖ ಓರೆ, ಇನ್ನೊಂದು ಮುಖ ನೇರ. ಬಾಗಿಲು ಹಾಕುವಾಗ ಓರೆ ಮುಖ ಕಂಬದ ಮೇಲಿನ ಸ್ಟ್ರೈಕರ್ ತಟ್ಟೆಗೆ ತಾಗಿ ನಾಲಿಗೆ ಒಳಕ್ಕೆ ಸರಿಯುತ್ತದೆ. ತಟ್ಟೆಯ ಗುಂಡಿ ಬಂದೊಡನೆ ಹೊರಕ್ಕೆ ಜಿಗಿದು ಅದರಲ್ಲಿ ಕೂರುತ್ತದೆ. ಆಗ ನೇರ ಮುಖ ಬಾಗಿಲನ್ನು ಹಿಡಿದು ನಿಲ್ಲಿಸುತ್ತದೆ. ಹೊರಗಿನ ಹಿಡಿಯ ಚೌಕ ಸರಳು ಡಬ್ಬಿಯೊಳಗಿನ ಒಂದು ತುಂಡಿನ ಚೌಕ ರಂಧ್ರದಲ್ಲಿ ಕೂತಿರುತ್ತದೆ. ಹಿಡಿ ತಿರುಗಿಸಿದರೆ ಆ ತುಂಡು ತಿರುಗಿ ನಾಲಿಗೆಯನ್ನು ಒಳಕ್ಕೆಳೆಯುತ್ತದೆ. ನಮ್ಮ ಮನೆಗಳ ಬಾಗಿಲಿಗೆ ಹಾಕುವ ಹಿಡಿಬೀಗದ ತತ್ವವೂ ಇದೇ.

ಬಹುತೇಕ ಹಳೆ ಕಾರುಗಳಲ್ಲಿ ಚಿಲಕದ ಜೊತೆಗೆ ಇನ್ನೊಂದು ಭಾಗವಿರುತ್ತದೆ. ಬಾಗಿಲಿನ ಅಂಚಿನಲ್ಲಿ ಬೆಣೆಯಾಕಾರದ ಒಂದು ತುಂಡು, ಕಂಬದಲ್ಲಿ ಅದು ಕೂರುವ ಗೂಡು. ಪಾರಿವಾಳದ ಬಾಲದ ಆಕಾರವಿರುವುದರಿಂದ ಇದಕ್ಕೆ ‘ಡವ್‌ಟೇಲ್’ ಎಂದು ಹೆಸರು. ಬಾಗಿಲಿನ ಭಾರ ಹೊತ್ತು, ಅದು ಮೇಲೆ ಕೆಳಗೆ ಕುಣಿಯದಂತೆ ತಡೆಯುವುದು ಇದರ ಕೆಲಸ. ಇದು ಸವೆದರೆ ಕುಣಿತದ ಪೆಟ್ಟನ್ನೆಲ್ಲ ನಾಲಿಗೆಯೇ ತಿನ್ನಬೇಕು. ದುರಸ್ತಿ ಮಾಡುವವರು ಅತಿ ಹೆಚ್ಚು ಮರೆಯುವ ಭಾಗವೂ ಇದೇ.

ಇಪ್ಪತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ಜಾರುವ ನಾಲಿಗೆಯ ಜಾಗಕ್ಕೆ ತಿರುಗುವ ಚಿಲಕ ಬಂತು. ಹಲ್ಲುಗಳಿರುವ ಚಕ್ರವೋ ಕವೆಯಂಥ ಕೊಕ್ಕೆಯೋ ಕಂಬದ ಮೇಲಿನ ಗೂಟವನ್ನು ತಬ್ಬಿ ಹಿಡಿಯುತ್ತದೆ, ಅದು ಹಿಂದಕ್ಕೆ ತಿರುಗದಂತೆ ಒಂದು ತಡೆ ಬೀಳುತ್ತದೆ. ಇಂದಿನ ಕಾರುಗಳಲ್ಲೂ ಇರುವುದು ಇದರ ಸುಧಾರಿತ ರೂಪ.

ಬದಲಾವಣೆಗೆ ಒತ್ತಾಯ ಬಂದದ್ದು ಅಪಘಾತಗಳಿಂದ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 1950ರ ದಶಕದಲ್ಲಿ ಸಾವಿರಾರು ಅಪಘಾತಗಳ ವಿವರ ಕಲೆಹಾಕಿ, ಬಾಗಿಲು ತೆರೆದು ಹೊರಗೆ ಎಸೆಯಲ್ಪಡುವುದು ಸಾವಿನ ದೊಡ್ಡ ಕಾರಣಗಳಲ್ಲೊಂದು ಎಂದು ತೋರಿಸಿದರು. ಡಿಕ್ಕಿಯಲ್ಲಿ ಬಾಡಿ ಹಿಗ್ಗಿದಾಗ ನಾಲಿಗೆ ಗುಂಡಿಯಿಂದ ಸಲೀಸಾಗಿ ಹೊರಬರುತ್ತಿತ್ತು. ಫೋರ್ಡ್ ಕಂಪನಿ 1956ರ ಮಾದರಿಗಳಲ್ಲಿ, ಬಾಡಿ ಹಿಗ್ಗಿದರೂ ಬಿಡದ ಚಿಲಕವನ್ನು ಸುರಕ್ಷತೆಯ ಹೆಸರಿನಲ್ಲೇ ಪ್ರಚಾರ ಮಾಡಿತು. 1968ರಿಂದ ಅಮೆರಿಕದಲ್ಲಿ ಇದಕ್ಕೆ ಕಡ್ಡಾಯ ಮಾನದಂಡ ಬಂತು. ಪೂರ್ತಿ ಬಿದ್ದ ಚಿಲಕ ಕಾರಿನ ಉದ್ದದ ದಿಕ್ಕಿನಲ್ಲಿ 11,000 ನ್ಯೂಟನ್, ಅಂದರೆ ಹತ್ತಿರ ಹತ್ತಿರ ಹನ್ನೊಂದು ಕ್ವಿಂಟಲ್ ಭಾರದಷ್ಟು ಎಳೆತವನ್ನು ತಡೆಯಬೇಕು. ಅರ್ಧ ಬಿದ್ದ ಸ್ಥಿತಿಯಲ್ಲಿ 4,450 ನ್ಯೂಟನ್ ತಡೆದರೆ ಸಾಕು. ‘ಬಾಗಿಲು ಬಿದ್ದಿಲ್ರೀ’ ಎಂಬ ಮಾತಿನ ತೂಕ ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿದೆ.

ಹಳೆಯ ಕಾರುಗಳಲ್ಲಿ ಹೆಚ್ಚು ಅಪಾಯಕಾರಿಯಾದವು ಹಿಂದು ಮುಂದಾಗಿ ತೆರೆಯುವ ಬಾಗಿಲುಗಳು. 1950ರ ದಶಕದಲ್ಲಿ ಭಾರತಕ್ಕೆ ಬಂದ ಮೊದಲ ಫಿಯೆಟ್ 1100 ಕಾರುಗಳ ಮುಂಬಾಗಿಲಿನ ಬಿಜಾಗರಿ ಹಿಂಬದಿಯಲ್ಲಿತ್ತು. ಬಿಜಾಗರಿ ಮುಂದಿದ್ದರೆ, ಚಿಲಕ ಬಿಟ್ಟರೂ ಎದುರು ಗಾಳಿ ಬಾಗಿಲನ್ನು ಒಳಕ್ಕೇ ಒತ್ತುತ್ತದೆ. ಹಿಂದಿದ್ದರೆ ಅದೇ ಗಾಳಿ ಬಾಗಿಲನ್ನು ಹಾಯಿಯಂತೆ ಹಿಡಿದು ಹೊರಕ್ಕೆ ಸೆಳೆಯುತ್ತದೆ. ಇಂಥ ಕಾರಿರುವವರು ಚಿಲಕ ಸರಿಪಡಿಸದೆ ಹೆದ್ದಾರಿಗೆ ಇಳಿಯಲೇಬಾರದು.

ಮೊದಲು ನೋಡಬೇಕಾದ್ದು ಬಿಜಾಗರಿ

ಚಿಲಕ ಸರಿಯಾಗಿ ಬೀಳದಿದ್ದರೆ ಚಿಲಕವನ್ನೇ ಬಿಚ್ಚುವುದು ಎಲ್ಲರ ಮೊದಲ ಯೋಚನೆ. ಅನುಭವಿ ಮಿಸ್ತ್ರಿ ಹಾಗೆ ಮಾಡುವುದಿಲ್ಲ. ಬಾಗಿಲನ್ನು ಅರ್ಧ ತೆರೆದು, ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಎತ್ತಿ ನೋಡುತ್ತಾನೆ. ಲೊಡಲೊಡ ಎಂದರೆ ದೋಷ ಬಿಜಾಗರಿಯ ಪಿನ್ನಿನಲ್ಲಿದೆ. ಲೆಕ್ಕ ಹೀಗಿದೆ: ಎರಡು ಬಿಜಾಗರಿಗಳ ನಡುವೆ 30 ಸೆಂಟಿಮೀಟರ್ ಅಂತರವಿದ್ದು, ಬಾಗಿಲಿನ ಅಗಲ 90 ಸೆಂಟಿಮೀಟರ್ ಇದ್ದರೆ, ಪಿನ್ನಿನಲ್ಲಿ ಆದ ಅರ್ಧ ಮಿಲಿಮೀಟರ್ ಸವೆತ ಚಿಲಕದ ಬಳಿ ಮೂರು ಪಟ್ಟಾಗಿ, ಒಂದೂವರೆ ಮಿಲಿಮೀಟರ್ ಇಳಿತವಾಗುತ್ತದೆ. ನಾಲಿಗೆ ಗುಂಡಿಯ ಕೆಳಗಂಚಿಗೆ ಬಡಿಯಲು ಅಷ್ಟು ಸಾಕು. ಇಂಥ ಬಾಗಿಲಿಗೆ ಹೊಸ ಚಿಲಕ ಹಾಕಿದರೂ ಅದು ಬೇಗನೆ ಹಳೆಯದರ ಗತಿಯನ್ನೇ ಕಾಣುತ್ತದೆ.

ಪಿನ್ನಿನ ರಂಧ್ರ ಅಂಡಾಕಾರವಾಗಿದ್ದರೆ ಅದನ್ನು ಗುಂಡಗೆ ಕೊರೆದು ದಪ್ಪ ಪಿನ್ನು ಹಾಕಬಹುದು, ಅಥವಾ ಕಂಚಿನ ಬುಷ್ ಕೂರಿಸಿ ಮೊದಲಿನ ಅಳತೆಯ ಪಿನ್ನನ್ನೇ ಬಳಸಬಹುದು. ಎರಡನೆಯದು ಮೇಲು. ಮುಂದೆ ಸವೆದಾಗ ಬುಷ್ ಮಾತ್ರ ಬದಲಿಸಿದರಾಯಿತು. ಲೇತ್ ಯಂತ್ರವಿರುವ ಯಾವ ಊರಿನಲ್ಲೂ ಈ ಕೆಲಸ ಆಗುತ್ತದೆ. ಇನ್ನೂ ಹಳೆಯ ಕಾರುಗಳಲ್ಲಿ ತಗಡಿನ ಒಳಗೆ ಮರದ ಚೌಕಟ್ಟು ಇರುತ್ತದೆ. ಅಲ್ಲಿ ಬಿಜಾಗರಿ ಸರಿಯಿದ್ದು, ಮರ ಕೊಳೆತು ಸ್ಕ್ರೂಗಳು ಹಿಡಿತ ಕಳೆದುಕೊಂಡಿರುವುದೂ ಉಂಟು. ಆಗ ಬೇಕಾದವನು ಬಡಗಿ, ಮೆಕ್ಯಾನಿಕ್ ಅಲ್ಲ. ಕೊಳೆತ ಭಾಗ ಕೆತ್ತಿ ತೆಗೆದು, ಗಟ್ಟಿ ಮರದ ತುಂಡು ಅಂಟಿಸಿ ಹೊಸದಾಗಿ ತೂತು ಹಾಕಬೇಕು. ಸಡಿಲ ತೂತಿಗೆ ಬೆಂಕಿಕಡ್ಡಿ ತುರುಕಿ ಸ್ಕ್ರೂ ಬಿಗಿಯುವ ಉಪಾಯ ನಮ್ಮಲ್ಲಿ ಜನಪ್ರಿಯ. ಮನೆಯ ಕಪಾಟಿಗೆ ಅದು ಸರಿ, ಓಡುವ ಕಾರಿಗಲ್ಲ.

ಬಿಜಾಗರಿ ಬಿಗಿಯಾದ ಮೇಲೆ ನಾಲಿಗೆಯ ತುದಿಗೆ ಸ್ವಲ್ಪ ಕಾಡಿಗೆ ಸವರಿ ಬಾಗಿಲನ್ನು ಮೆಲ್ಲಗೆ ಹಾಕಿ ತೆಗೆಯಬೇಕು. ಸ್ಟ್ರೈಕರ್ ತಟ್ಟೆಯ ಮೇಲೆ ಬಿದ್ದ ಕಪ್ಪು ಗುರುತು ನಾಲಿಗೆ ಎಲ್ಲಿ ತಾಗುತ್ತಿದೆ ಎಂದು ಹೇಳುತ್ತದೆ. ತಟ್ಟೆಯ ಸ್ಕ್ರೂ ಸಡಿಲಿಸಿ ಆಚೀಚೆ ಸರಿಸಿದರೆ, ಅಥವಾ ಅದರ ಹಿಂದೆ ತೆಳು ತಗಡಿನ ತುಂಡು ಇಟ್ಟರೆ ಎಷ್ಟೋ ಬಾಗಿಲುಗಳು ಇಲ್ಲಿಗೇ ಗುಣವಾಗುತ್ತವೆ. ಡವ್‌ಟೇಲಿನ ಗೂಡನ್ನೂ ಇದೇ ಹಂತದಲ್ಲಿ ನೋಡಿಕೊಳ್ಳಬೇಕು.

ಡಬ್ಬಿಯೊಳಗೆ

ಇಷ್ಟಾದರೂ ಬಾಗಿಲು ನಿಲ್ಲದಿದ್ದರೆ ಚಿಲಕವನ್ನು ಹೊರಗೆ ತೆಗೆಯಲೇಬೇಕು. ಹಳೆ ಚಿಲಕಗಳ ಡಬ್ಬಿಗೆ ಸ್ಕ್ರೂ ಬದಲು ರಿವೆಟ್ ಹೊಡೆದಿರುತ್ತಾರೆ. ರಿವೆಟ್ಟಿನ ತಲೆಯನ್ನಷ್ಟೇ ಡ್ರಿಲ್ಲಿನಿಂದ ತೆಗೆದು ಮುಚ್ಚಳ ಎಬ್ಬಿಸಬೇಕು. ಆ ಕ್ಷಣದಲ್ಲಿ ಸ್ಪ್ರಿಂಗು ಹಾರಿ ಶೆಡ್ಡಿನ ಮೂಲೆ ಸೇರುವ ಸಾಧ್ಯತೆ ಹೆಚ್ಚು, ಹಳೆ ಬಟ್ಟೆಯೊಂದನ್ನು ಮೇಲೆ ಹೊದಿಸಿಕೊಳ್ಳುವುದು ಒಳ್ಳೆಯದು. ಯಾವ ತುಂಡು ಯಾವ ಕಡೆ ಮುಖ ಮಾಡಿ ಕೂತಿತ್ತು ಎಂದು ಚಿತ್ರ ತೆಗೆದಿಟ್ಟುಕೊಳ್ಳಬೇಕು. ಎಡಬಾಗಿಲಿನ ಚಿಲಕ ಬಲಬಾಗಿಲಿನದರ ಕನ್ನಡಿ ಪ್ರತಿಬಿಂಬ. ಒಂದನ್ನು ನೋಡಿ ಇನ್ನೊಂದನ್ನು ಜೋಡಿಸಹೊರಟರೆ ತಲೆ ಕೆಡುತ್ತದೆ. ಎರಡನ್ನೂ ಒಮ್ಮೆಗೇ ಬಿಚ್ಚದಿರುವುದು ಜಾಣತನ.

ಸೀಮೆಎಣ್ಣೆಯಲ್ಲಿ ನೆನೆಸಿ ತೊಳೆದ ಮೇಲೆ ಸವೆತ ಕಣ್ಣಿಗೆ ಕಾಣುತ್ತದೆ. ನಾಲಿಗೆಯ ಓರೆ ಮುಖ ಸವೆದಿದ್ದರೆ ಬಾಗಿಲು ಹಾಕಲು ಕಷ್ಟವಾಗುತ್ತದೆ, ಅಷ್ಟೇ. ಕಣ್ಣಿಡಬೇಕಾದದ್ದು ನೇರ ಮುಖದ ಮೇಲೆ. ಅದರ ಅಂಚು ದುಂಡಗಾಗಿದ್ದರೆ, ಕಾರು ಕುಲುಕಿದ ಪ್ರತಿ ಸಲವೂ ನಾಲಿಗೆ ಕೂದಲೆಳೆಯಷ್ಟು ಹಿಂದೆ ಜಾರುತ್ತದೆ. ತಾನಾಗಿ ತೆರೆಯುವ ಬಾಗಿಲಿನ ಗುಟ್ಟು ಇದು.

ಕಳೆದುಹೋದ ಲೋಹವನ್ನು ಮತ್ತೆ ತುಂಬಲು ಎರಡು ದಾರಿಗಳಿವೆ. ಒಂದು, ಉಕ್ಕಿನಿಂದಲೇ ವೆಲ್ಡಿಂಗ್ ಮಾಡಿ, ಅರ ಹಾಕಿ ಆಕಾರಕ್ಕೆ ತಂದು, ಆಮೇಲೆ ಮೇಲ್ಮೈಗೆ ಹದ ಕೊಟ್ಟು ಗಡಸು ಮಾಡುವುದು. ಇನ್ನೊಂದು, ಗ್ಯಾಸಿನ ಉರಿಯಲ್ಲಿ ಹಿತ್ತಾಳೆ ಕರಗಿಸಿ ತುಂಬುವುದು. ಇದಕ್ಕೆ ಬ್ರೇಜಿಂಗ್ ಎನ್ನುತ್ತಾರೆ. ಹಿತ್ತಾಳೆ ಉಕ್ಕಿಗಿಂತ ಮೃದು, ಬೇಗ ಸವೆಯುತ್ತದೆ ಎಂಬ ಆಕ್ಷೇಪ ಸರಿಯೇ. ಆದರೆ ಅದು ಸ್ಟ್ರೈಕರ್ ತಟ್ಟೆಯನ್ನು ತಿನ್ನುವುದಿಲ್ಲ. ಮತ್ತೆ ಸವೆದರೆ ಇನ್ನೊಮ್ಮೆ ತುಂಬಬಹುದು. ವರ್ಷಕ್ಕೆ ಕೆಲವು ನೂರು ಕಿಲೋಮೀಟರ್ ಓಡುವ ವಿಂಟೇಜ್ ಕಾರಿನ ಓರೆ ಮುಖಕ್ಕೆ ಹಿತ್ತಾಳೆ ಸಾಕು ಎಂಬುದು ನನ್ನ ಎಣಿಕೆ. ಬಾಗಿಲನ್ನು ಹಿಡಿದು ನಿಲ್ಲಿಸುವ ನೇರ ಮುಖಕ್ಕೆ ಮಾತ್ರ ಉಕ್ಕೇ ಬೇಕು. ಯಾವುದಾದರೂ ಸರಿ, ಬೆಂಕಿಯ ಕೆಲಸವೆಲ್ಲ ಚಿಲಕ ಕಾರಿನಿಂದ ಹೊರಗಿರುವಾಗಲೇ ಆಗಬೇಕು.

ಹಿಡಿ ಕೆಳಕ್ಕೆ ಜೋತುಬಿದ್ದು, ತಿರುಗಿಸಿದಾಗ ಮೊದಲ ಸುತ್ತು ಖಾಲಿ ಹೋಗುತ್ತಿದ್ದರೆ ಚೌಕ ರಂಧ್ರ ದುಂಡಗಾಗಿದೆ ಎಂದರ್ಥ. ಅದನ್ನೂ ಹಿತ್ತಾಳೆಯಿಂದ ತುಂಬಿ, ಸಣ್ಣ ಚೌಕ ಅರದಿಂದ ಮತ್ತೆ ಚೌಕ ಮಾಡಬೇಕು. ತಾಳ್ಮೆ ಬೇಡುವ ಕೆಲಸ. ಸರಳನ್ನು ಎರಡು ನಿಮಿಷಕ್ಕೊಮ್ಮೆ ಹಾಕಿ ನೋಡುತ್ತ ಹೋಗದಿದ್ದರೆ ರಂಧ್ರ ಮತ್ತೆ ದೊಡ್ಡದಾಗುತ್ತದೆ. ಸ್ಪ್ರಿಂಗು ಮುರಿದಿದ್ದರೆ ಸ್ಪ್ರಿಂಗ್ ಉಕ್ಕಿನ ತಂತಿ ಅಥವಾ ಪಟ್ಟಿಯಿಂದ ಹೊಸದು ಮಾಡಿಸಬಹುದು. ಪಟ್ಟಿಯನ್ನು ಕಾಯಿಸಿ ಬಗ್ಗಿಸಿದರೆ ಹದ ಹೋಗುತ್ತದೆ; ಮತ್ತೆ ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿ, ಉಜ್ಜಿ ಹೊಳಪು ಬರಿಸಿ, ಉಕ್ಕು ನೀಲಿ ಬಣ್ಣಕ್ಕೆ ತಿರುಗುವವರೆಗೆ, ಅಂದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ, ನಿಧಾನವಾಗಿ ಬಿಸಿ ಮಾಡಬೇಕು. ಕುಡುಗೋಲು, ಉಳಿಗಳಿಗೆ ಬಣ್ಣ ನೋಡಿಯೇ ಹದ ಹಾಕುವ ಕಮ್ಮಾರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಒಂದು ಭಾಗಕ್ಕೆ ಮಾತ್ರ ಈ ಚಿಕಿತ್ಸೆ ನಡೆಯದು. ಅನೇಕ ಕಾರುಗಳ ಹಿಡಿಗಳನ್ನೂ ಕೆಲವು ಚಿಲಕಗಳ ಒಳತುಂಡುಗಳನ್ನೂ ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದಿರುತ್ತಾರೆ. ಅದರಲ್ಲೂ ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಎರಕಗಳಲ್ಲಿ ಸೀಸದಂಥ ಕಲ್ಮಶ ಬೆರೆತಿದ್ದರೆ, ಲೋಹ ಒಳಗಿಂದೊಳಗೇ ಬಿರಿದು, ಊದಿಕೊಂಡು, ಕೊನೆಗೆ ಬಿಸ್ಕತ್ತಿನಂತೆ ಉದುರುತ್ತದೆ. ಬೆಂಕಿ ತೋರಿಸಿದರೆ ಕರಗಿಯೇ ಹೋಗುತ್ತದೆ. ಇಂಥ ತುಂಡನ್ನು ಅಚ್ಚಾಗಿ ಬಳಸಿ ಹಿತ್ತಾಳೆಯಲ್ಲಿ ಹೊಸದಾಗಿ ಎರಕ ಹೊಯ್ಸುವುದೊಂದೇ ದಾರಿ. ಎರಕ ಆರಿದಾಗ ತುಸು ಕುಗ್ಗುವುದರಿಂದ ಅಚ್ಚನ್ನು ಸ್ವಲ್ಪ ದಪ್ಪ ಮಾಡಿಕೊಳ್ಳಬೇಕು.

ಇಷ್ಟೆಲ್ಲ ಶ್ರಮ ಏಕೆ, ಅಂಬಾಸಿಡರ್ ಬಿಡಿಭಾಗ ಸಿಗುವುದಿಲ್ಲವೇ ಎಂದು ಕೇಳಬಹುದು. ಸಿಗುವ ಕಡೆ ಅದೇ ಮಾದರಿಯ ಒಳ್ಳೆಯ ಚಿಲಕ ಹಾಕುವುದರಲ್ಲಿ ತಪ್ಪೇನಿಲ್ಲ. ಆದರೆ ಅಂಗಡಿಯ ನಕಲು ತುಂಡಿನ ಉಕ್ಕು ಹಳೆಯದರಷ್ಟು ಗಟ್ಟಿಯಿರುತ್ತದೆ ಎಂಬ ಭರವಸೆಯಿಲ್ಲ. ಅದಕ್ಕಿಂತ ಹಳೆಯ, ಅಪರೂಪದ ಕಾರಿಗೆ ಬಿಡಿಭಾಗವೇ ಇಲ್ಲ. ಧರ್ಮಸ್ಥಳದ ಕಾರು ಸಂಗ್ರಹಾಲಯದಂಥ ಕಡೆ ಹೋದವರು ಮುಂದಿನ ದೀಪಗಳನ್ನೂ ಬಾನೆಟ್ಟಿನ ಮೇಲಿನ ಗೊಂಬೆಗಳನ್ನೂ ನೋಡಿ ಬರುತ್ತಾರೆ. ಒಮ್ಮೆ ಬಾಗಿಲಿನ ಅಂಚನ್ನೂ ನೋಡಿ, ಕೈ ಮುಟ್ಟದೆ. ಬಾಗಿಲಿಗೂ ಕಂಬಕ್ಕೂ ನಡುವಿನ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಸಮನಿದ್ದರೆ ಅದರ ಹಿಂದೆ ಯಾರೋ ಅರ ಹಿಡಿದು ಗಂಟೆಗಟ್ಟಲೆ ಕೂತಿದ್ದಾರೆ ಎಂದು ತಿಳಿಯಬಹುದು.

ಜೋಡಿಸುವಾಗ ಗ್ರೀಸು ಬೇಡ. ಹೊಲಿಗೆ ಯಂತ್ರಕ್ಕೆ ಹಾಕುವಂಥ ತೆಳು ಎಣ್ಣೆ ಎರಡು ಹನಿ ಸಾಕು, ನಾಲಿಗೆಯ ಓರೆ ಮುಖಕ್ಕೆ ಮೇಣದಬತ್ತಿ ಉಜ್ಜಿದರೆ ಇನ್ನೂ ಒಳ್ಳೆಯದು. ದೂಳು ಹೆಚ್ಚು ಅಂಟುವುದಿಲ್ಲ. ಕೀಲಿಕೈ ಹಾಕುವ ತೂತಿಗೆ ಎಣ್ಣೆಗಿಂತ ಗ್ರಾಫೈಟ್ ಪುಡಿ ಮೇಲು. ಮುಚ್ಚಳಕ್ಕೆ ಮತ್ತೆ ರಿವೆಟ್ ಹೊಡೆಯುವ ಮೊದಲು ಚಿಲಕವನ್ನು ಕೈಯಲ್ಲಿ ಹಿಡಿದೇ ಐವತ್ತು ಸಲ ಒತ್ತಿ ಬಿಟ್ಟು ನೋಡಬೇಕು. ಬಾಗಿಲಿಗೆ ಕೂರಿಸಿದ ಮೇಲೆ ಬೆರಳುಗಳಿಂದ ತಳ್ಳಿದಾಗ ಎರಡು ಸಲ ‘ಟಕ್’ ಎನ್ನಬೇಕು: ಮೊದಲನೆಯದು ಅರ್ಧ ಹಿಡಿತ, ಎರಡನೆಯದು ಪೂರ್ತಿ. ಅರ್ಧ ಹಿಡಿತದಲ್ಲೇ ನಿಲ್ಲಿಸಿ ಹೊರಕ್ಕೆ ಎಳೆದರೂ ಬಾಗಿಲು ಬರಬಾರದು. ಆಮೇಲೆ ಸೇಡಂ ಕಡೆಯ ಯಾವುದಾದರೂ ಕಚ್ಚಾ ರಸ್ತೆಯಲ್ಲಿ ಒಬ್ಬರೇ ನಿಧಾನವಾಗಿ ಒಂದು ಸುತ್ತು ಹೋಗಿಬಂದು, ಸ್ಟ್ರೈಕರ್ ತಟ್ಟೆಯ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿಯಬೇಕು. ಹೊಸದಾಗಿ ಕೂತ ತಟ್ಟೆ ಮೊದಲ ಓಟದಲ್ಲಿ ತುಸು ಸರಿದೇ ಸರಿಯುತ್ತದೆ.